ಮ್ಯಾಡ್ರಿಡ್ಡೋ, ಬಾರ್ಸಿಲೋನಾನೋ? ಸ್ಪೇನಿನಲ್ಲಿ ಒಂದೇ ಊರು ಆರಿಸಬೇಕಾದವರಿಗೆ

ಸ್ಪೇನಿಗೆ ಹೋಗ್ತಿದ್ದೀವಿ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಎಷ್ಟು ದಿನ? ಐದಾರು ದಿನ ಅಂದರೆ ಒಂದೇ ಊರು ಸಾಕು ಅಂತ ಹೇಳಿಬಿಡುತ್ತೇನೆ. ಆರು ದಿನಕ್ಕೆ ಮ್ಯಾಡ್ರಿಡ್, ಬಾರ್ಸಿಲೋನಾ, ನಡುವೆ ಗ್ರನಾಡಾ, ಸಾಧ್ಯವಾದರೆ ಸೆವಿಯಾ ಅಂತ ಪಟ್ಟಿ ಹಾಕಿಕೊಂಡು ಹೋದವರು ವಾಪಸ್ ಬಂದು ಹೇಳುವುದೆಲ್ಲ ರೈಲ್ವೆ ಸ್ಟೇಷನ್ನಿನ ಕಥೆ, ಸೂಟ್‌ಕೇಸ್ ಎಳೆದ ಕಥೆ.

ಆ ಒಂದು ಊರು ಯಾವುದು ಅನ್ನುವುದೇ ತಲೆನೋವು. ನಾನು ಎರಡಕ್ಕೂ ಹೋಗಿದ್ದೇನೆ, ಬೇರೆ ಬೇರೆ ಸಲ. ಮೊದಲು ಅಕ್ಕ ಭಾವನ ಜೊತೆ ಬಾರ್ಸಿಲೋನಾ. ಆಮೇಲೆ ಅಮ್ಮನನ್ನು ಕರೆದುಕೊಂಡು ಮ್ಯಾಡ್ರಿಡ್. ಅಮ್ಮನಿಗೆ 68, ಮಂಡಿ ನೋವಿದೆ, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಇದನ್ನು ಮೊದಲೇ ಹೇಳಿದೆ ಯಾಕೆಂದರೆ ಮುಂದೆ ಬರುವ ನನ್ನ ಅರ್ಧ ಅಭಿಪ್ರಾಯಗಳಿಗೆ ಆ ಮಂಡಿಯೇ ಕಾರಣ.

ಎರಡೂ ಕಲೆಯ ಊರುಗಳೇ. ಆದರೆ ಕಲೆ ಇರುವ ಜಾಗ ಬೇರೆ. ಮ್ಯಾಡ್ರಿಡ್‌ನಲ್ಲಿ ಅದು ಗೋಡೆಯ ಮೇಲೆ ತೂಗುಹಾಕಿದೆ, ನೀವು ಒಳಗೆ ಹೋಗಿ ಅದರ ಮುಂದೆ ನಿಲ್ಲಬೇಕು. ಬಾರ್ಸಿಲೋನಾದಲ್ಲಿ ಗೋಡೆಯೇ ಕಲೆ, ಕತ್ತೆತ್ತಿಕೊಂಡು ರಸ್ತೆಯಲ್ಲಿ ನಡೆದರೆ ಸಾಕು. ನಿಮಗೆ ಒಂದು ಚಿತ್ರದ ಮುಂದೆ ಇಪ್ಪತ್ತು ನಿಮಿಷ ನಿಲ್ಲುವ ತಾಳ್ಮೆ ಇದೆಯಾ? ಇದ್ದರೆ ಮ್ಯಾಡ್ರಿಡ್. ಮ್ಯೂಸಿಯಂ ಅಂದರೆ ಎರಡನೇ ಕೋಣೆಗೇ ಆಕಳಿಕೆ ಬರುತ್ತದೆ ಅಂದರೆ ಬಾರ್ಸಿಲೋನಾ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮ್ಯಾಡ್ರಿಡ್: ಮೂರು ಮ್ಯೂಸಿಯಂ, ಒಂದೇ ರಸ್ತೆ

ಪ್ರಾದೊ, ರೇನಾ ಸೋಫಿಯಾ, ಥಿಸೆನ್. ಮೂರೂ ಪಾಸೆಯೊ ದೆಲ್ ಪ್ರಾದೊ ಅನ್ನುವ ಮರಗಳ ಸಾಲಿನ ರಸ್ತೆಯ ಆಚೀಚೆ ಇವೆ. ಒಂದರಿಂದ ಇನ್ನೊಂದಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ. ಪಕ್ಕದಲ್ಲೇ ರೆತಿರೊ ಪಾರ್ಕ್. ಆ ರಸ್ತೆ, ಆ ಪಾರ್ಕು ಎರಡೂ ಸೇರಿ 2021ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದಿವೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಬೆಳಿಗ್ಗೆ ಒಂದು ಮ್ಯೂಸಿಯಂ, ಮಧ್ಯಾಹ್ನ ಊಟ, ರೂಮಿಗೆ ಹೋಗಿ ಒಂದು ನಿದ್ದೆ, ಸಂಜೆ ಪಾರ್ಕಿನ ಬೆಂಚು. ನಮ್ಮ ಮೂರು ದಿನ ಹೀಗೇ ಹೋಯಿತು.

ಪ್ರಾದೊ 1819ರಲ್ಲಿ ತೆರೆದದ್ದು. ಅದನ್ನು ಪೂರ್ತಿ ನೋಡುತ್ತೇನೆ ಅಂತ ಹೊರಡಬೇಡಿ, ಸೋತುಹೋಗ್ತೀರಿ. ಮೂರು ಜನ ಕಲಾವಿದರನ್ನು ಹಿಡಿದುಕೊಳ್ಳಿ: ವೆಲಾಸ್ಕೆಜ್, ಗೋಯಾ, ಬಾಶ್. ವೆಲಾಸ್ಕೆಜ್‌ನ 'ಲಾಸ್ ಮೆನಿನಾಸ್' 1656ರ ಚಿತ್ರ. ಮೂರು ಮೀಟರಿಗಿಂತ ಎತ್ತರ. ನಡುವೆ ಪುಟ್ಟ ರಾಜಕುಮಾರಿ, ಸುತ್ತ ಸೇವಕಿಯರು, ಎಡಗಡೆ ಕುಂಚ ಹಿಡಿದು ಕಲಾವಿದ ತಾನೇ ನಿಂತಿದ್ದಾನೆ, ಹಿಂದಿನ ಗೋಡೆಯ ಕನ್ನಡಿಯಲ್ಲಿ ರಾಜ ರಾಣಿ ಮಸುಕಾಗಿ ಕಾಣುತ್ತಾರೆ. ಇಷ್ಟನ್ನು ಮೊಬೈಲಿನಲ್ಲೂ ನೋಡಬಹುದು. ಮೊಬೈಲಿನಲ್ಲಿ ಸಿಗದ್ದು ಒಂದಿದೆ. ಆ ಮಗುವಿನ ತೋಳಿನ ಹತ್ತಿರ, ಕಾವಲಿನವರು ಬಿಡುವಷ್ಟು ಹತ್ತಿರ, ಹೋಗಿ ನೋಡಿದರೆ ಬರೀ ಬಿಳಿ, ಬೂದು, ಕೆಂಪು ಬಣ್ಣದ ಗೀಚು, ಅವಸರದಲ್ಲಿ ಎಳೆದ ಹಾಗೆ. ನಾಲ್ಕು ಹೆಜ್ಜೆ ಹಿಂದೆ ಬನ್ನಿ. ರೇಷ್ಮೆ. ನಾನು ಮುಂದೆ ಹಿಂದೆ ಅಂತ ಐದಾರು ಸಲ ಓಡಾಡಿದ್ದು ನೋಡಿ ಅಮ್ಮ "ಏನೋ ಬೀಳಿಸ್ಕೊಂಡ್ಯಾ?" ಅಂದರು.

ಅಮ್ಮನಿಗೆ ಹಿಡಿಸಿದ್ದು ಗೋಯಾನ ನಾಯಿ. ಗೋಯಾ ಮುಪ್ಪಿನಲ್ಲಿ, ಕಿವಿ ಕೇಳದೆ ಇದ್ದ ಕಾಲದಲ್ಲಿ, ತನ್ನ ಮನೆಯ ಗೋಡೆಗೇ ಬಳಿದುಕೊಂಡ 14 ಕಪ್ಪು ಚಿತ್ರಗಳಿವೆ. ಆಮೇಲೆ ಅವನ್ನು ಗೋಡೆಯಿಂದ ಕ್ಯಾನ್ವಾಸಿಗೆ ಇಳಿಸಿದರು. ಮಗನನ್ನು ತಿನ್ನುವ ಸ್ಯಾಟರ್ನ್, ರೋಮನ್ ಪುರಾಣದ ದೇವರು, ಅಲ್ಲೇ ಇದ್ದಾನೆ, ಎಲ್ಲರೂ ಅವನ ಮುಂದೆ ಗುಂಪುಗೂಡುತ್ತಾರೆ. ನಾಯಿಯ ಚಿತ್ರದಲ್ಲಿ ಏನೂ ಇಲ್ಲ. ದೊಡ್ಡ ಖಾಲಿ ಹಳದಿ, ಕೆಳಗೆ ಒಂದು ನಾಯಿಯ ತಲೆ, ಮಣ್ಣಲ್ಲಿ ಹೂತಿದೆಯೋ ದಿಬ್ಬದ ಹಿಂದೆ ನಿಂತಿದೆಯೋ ಗೊತ್ತಾಗುವುದಿಲ್ಲ, ಮೇಲೆ ನೋಡುತ್ತಿದೆ. ಅಮ್ಮ ಅಲ್ಲಿಂದ ಕದಲಲಿಲ್ಲ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಅದೇ ಒಳ್ಳೆಯದಾಯಿತು ಅನ್ನಿಸಿತು.

ರೇನಾ ಸೋಫಿಯಾಗೆ ಜನ ಹೋಗುವುದು ಪಿಕಾಸೊನ 'ಗೆರ್ನಿಕಾ'ಗೆ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಜರ್ಮನಿ, ಇಟಲಿಯ ವಿಮಾನಗಳು ಗೆರ್ನಿಕಾ ಅನ್ನುವ ಊರಿನ ಮೇಲೆ ಬಾಂಬು ಹಾಕಿದವು, ಅದೇ ವರ್ಷ ಪಿಕಾಸೊ ಇದನ್ನು ಬರೆದ. ಸರ್ವಾಧಿಕಾರಿ ಫ್ರಾಂಕೊನ ಆಳ್ವಿಕೆಯ ಹೆಚ್ಚಿನ ಕಾಲ ಚಿತ್ರ ನ್ಯೂಯಾರ್ಕಿನಲ್ಲಿತ್ತು, 1981ರಲ್ಲಿ ಸ್ಪೇನಿಗೆ ಬಂತು. ಸುಮಾರು ಏಳೂಮುಕ್ಕಾಲು ಮೀಟರ್ ಅಗಲ, ಬರೀ ಕಪ್ಪು ಬಿಳುಪು ಬೂದು. ಅಷ್ಟು ದೊಡ್ಡದು ಅಂತ ಓದಿದ್ದೆ, ಆದರೂ ಕೋಣೆಗೆ ಕಾಲಿಟ್ಟಾಗ ಎದೆ ಧಸಕ್ ಅಂತು. ಈ ಮ್ಯೂಸಿಯಂಗೆ ಮಂಗಳವಾರ ರಜೆ. ನಾವು ಮಂಗಳವಾರವೇ ಹೋಗಿ ಬಾಗಿಲು ನೋಡಿಕೊಂಡು ಬಂದೆವು, ತಪ್ಪು ನನ್ನದೇ.

ಥಿಸೆನ್ ಸಮಯ ಇದ್ದರೆ ನೋಡಿ. ಒಂದು ಕುಟುಂಬ ಸಂಗ್ರಹಿಸಿದ್ದನ್ನು 1993ರಲ್ಲಿ ಸ್ಪೇನ್ ಸರ್ಕಾರ ಕೊಂಡುಕೊಂಡಿತು. ಎಲ್ಲ ಕಾಲದ್ದೂ ಒಂದೊಂದು ಇದೆ.

ದುಡ್ಡಿನ ವಿಷಯ. ಪ್ರಾದೊ ಟಿಕೆಟ್ 15 ಯೂರೊ, ರೇನಾ ಸೋಫಿಯಾ 12. ಆದರೆ ಪ್ರಾದೊ ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8, ಭಾನುವಾರ 5ರಿಂದ 7 ಪುಕ್ಕಟೆ. ರೇನಾ ಸೋಫಿಯಾ ಕೂಡ ಮಂಗಳವಾರ, ಭಾನುವಾರ ಬಿಟ್ಟು ಉಳಿದ ದಿನ ಸಂಜೆ 7ರಿಂದ 9 ಪುಕ್ಕಟೆ. ಪುಕ್ಕಟೆ ಅಂದ ಮೇಲೆ ಕ್ಯೂ ಇರಲೇಬೇಕಲ್ವಾ, ಮುಕ್ಕಾಲು ಗಂಟೆ ಮೊದಲೇ ನಿಲ್ಲಬೇಕು. ನಾನು ಮಾಡಿದ್ದು ಹೀಗೆ: ಒಂದು ದಿನ ದುಡ್ಡು ಕೊಟ್ಟು ಬೆಳಿಗ್ಗೆ ಅಮ್ಮನ ಜೊತೆ ನಿಧಾನವಾಗಿ ನೋಡಿದೆ, ಇನ್ನೊಂದು ಸಂಜೆ ಒಬ್ಬನೇ ಪುಕ್ಕಟೆ ಸಮಯದಲ್ಲಿ ಹೋಗಿ ಆ ರೇಷ್ಮೆಯನ್ನು ಮತ್ತೆ ನೋಡಿ ಬಂದೆ. 65 ದಾಟಿದವರಿಗೆ ರಿಯಾಯಿತಿ ಇದೆ, ವಯಸ್ಸಿನ ದಾಖಲೆ ಕೈಯಲ್ಲಿರಲಿ.

ಬಾರ್ಸಿಲೋನಾ: ಗೌಡಿಯ ಊರು, ಜೇಬು ಜೋಪಾನ

ಇಲ್ಲಿ ದುಡ್ಡು ಬೇರೆ ಥರ ಖರ್ಚಾಗುತ್ತದೆ. ಗೌಡಿ ಅನ್ನುವ ವಾಸ್ತುಶಿಲ್ಪಿಯ ಸಗ್ರಾದಾ ಫಮೀಲಿಯಾ ಚರ್ಚು 26 ಯೂರೊ, ಅದೂ ಗೋಪುರ ಹತ್ತದೆ. ಪಾರ್ಕ್ ಗ್ವೆಲ್ 18. ಗೌಡಿಯ ಮನೆಗಳು, ಅಂದರೆ ಕಾಸಾ ಬಾಟ್ಲೊ, ಲಾ ಪೆದ್ರೇರಾ, ಒಳಗೆ ಹೋಗುವುದಾದರೆ ಇನ್ನೂ ಜಾಸ್ತಿಯೇ. ನಾಲ್ಕು ಜನರ ಕುಟುಂಬಕ್ಕೆ ಗೌಡಿ ದರ್ಶನಕ್ಕೇ ಒಂದು ದೊಡ್ಡ ಮೊತ್ತ ಎತ್ತಿಡಬೇಕು. ನನ್ನ ಮಾತು ಕೇಳುವುದಾದರೆ ಸಗ್ರಾದಾ ಫಮೀಲಿಯಾ ಒಳಗೆ ಹೋಗಿ, ಎರಡು ಮನೆಗಳಲ್ಲಿ ಒಂದರ ಒಳಗೆ ಹೋಗಿ, ಇನ್ನೊಂದನ್ನು ಎದುರಿನ ಫುಟ್‌ಪಾತಿನಿಂದ ನೋಡಿ. ಎರಡೂ ಇರುವುದು ಪಾಸೆಜ್ ದೆ ಗ್ರಾಸಿಯಾ ಅನ್ನುವ ಒಂದೇ ರಸ್ತೆಯಲ್ಲಿ, ರಾತ್ರಿ ದೀಪ ಹಾಕಿದಾಗ ಹೊರಗಿನಿಂದಲೂ ಅಷ್ಟೇ ಚೆನ್ನಾಗಿರುತ್ತದೆ.

ಸಗ್ರಾದಾ ಫಮೀಲಿಯಾ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. 1882ರಲ್ಲಿ ಶುರುವಾದ ಚರ್ಚು, ಮರುವರ್ಷ ಗೌಡಿ ಕೈಗೆ ಬಂತು, 1926ರಲ್ಲಿ ಟ್ರಾಮ್ ಬಡಿದು ಅವನು ಸತ್ತ. ಹಳೇ ಬಟ್ಟೆ ನೋಡಿ ಯಾರೋ ಭಿಕ್ಷುಕ ಅಂದುಕೊಂಡಿದ್ದರಂತೆ. ಅದೇ ಚರ್ಚಿನ ನೆಲಮಾಳಿಗೆಯಲ್ಲಿ ಅವನ ಸಮಾಧಿ ಇದೆ. ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ, ಆದರೂ 2025ರ ಅಕ್ಟೋಬರಿನಲ್ಲಿ ಜರ್ಮನಿಯ ಉಲ್ಮ್ ಚರ್ಚನ್ನು ಮೀರಿ ಜಗತ್ತಿನಲ್ಲೇ ಎತ್ತರದ ಚರ್ಚ್ ಆಯಿತು. ಕ್ರೇನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಒಳಗಿನ ಕಂಬಗಳು ಮರದ ಹಾಗೆ ಮೇಲೆ ಹೋಗಿ ಕವಲೊಡೆಯುತ್ತವೆ. ಪೂರ್ವದ ಕಿಟಕಿಗಳ ಗಾಜು ನೀಲಿ ಹಸಿರು, ಪಶ್ಚಿಮದ್ದು ಕೆಂಪು ಕಿತ್ತಳೆ. ಹಾಗಾಗಿ ಟಿಕೆಟ್ ತೆಗೆಯುವಾಗ ಹೊತ್ತು ಯೋಚಿಸಿ ತೆಗೆಯಿರಿ. ನಾವು ಇಳಿಹೊತ್ತಿನ ಸ್ಲಾಟ್ ತೆಗೆದುಕೊಂಡಿದ್ದೆವು. ಒಳಗೆ ಹೋದಾಗ ಸಾಧಾರಣ ಬೆಳಕು, ಹತ್ತಿಪ್ಪತ್ತು ನಿಮಿಷದಲ್ಲಿ ಬಿಸಿಲು ವಾಲಿ ಕಂಬಗಳಿಗೆಲ್ಲ ಕೆಂಡದ ಬಣ್ಣ ಬಂತು, ಭಾವನ ಬಿಳಿ ಅಂಗಿ ಕೂಡ ಕಿತ್ತಳೆ. ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆಯಿರಿ. ಹೊತ್ತು ಹೊತ್ತಿಗೆ ಇಷ್ಟೇ ಜನ ಅಂತ ಬಿಡುತ್ತಾರೆ, ಅಲ್ಲೇ ಹೋಗಿ ತೆಗೆದುಕೊಳ್ತೀನಿ ಅಂದರೆ ಹೊರಗಿನಿಂದ ಫೋಟೋ ತೆಗೆದುಕೊಂಡು ಬರಬೇಕಾಗುತ್ತದೆ.

ಪಾರ್ಕ್ ಗ್ವೆಲ್ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಒಡೆದ ಟೈಲ್ಸಿನ ಚೂರು ಅಂಟಿಸಿ ಮಾಡಿದ ಹಾವಿನಂಥ ಬೆಂಚು ಚೆನ್ನಾಗಿದೆ, ಅಲ್ಲಿಂದ ಸಮುದ್ರದವರೆಗೂ ಊರು ಕಾಣುತ್ತದೆ, ಅದೂ ಸರಿ. ಆದರೆ ಗುಡ್ಡದ ಮೇಲಿದೆ, ಮೆಟ್ರೊ ಇಳಿದ ಮೇಲೆ ಏರು ಹತ್ತಬೇಕು. ಅಮ್ಮನನ್ನು ಕರೆದುಕೊಂಡು ಬಂದಿದ್ದರೆ ಅವತ್ತೇ ನನ್ನನ್ನು ಮನೆಯಿಂದ ಆಚೆ ಹಾಕುತ್ತಿದ್ದರು.

ಬಾರ್ಸಿಲೋನಾದಲ್ಲೂ ಒಳ್ಳೆಯ ಮ್ಯೂಸಿಯಂಗಳಿವೆ, ಇಲ್ಲ ಅಂತಲ್ಲ. ಪಿಕಾಸೊ ಮ್ಯೂಸಿಯಂ 1963ರಿಂದ ಇದೆ, ಹಳೇ ಊರಿನ ಕಲ್ಲುಮನೆಗಳ ಒಳಗೆ. ಆದರೆ ಒಂದು ಮಾತು. ಗೆರ್ನಿಕಾ ಥರದ್ದನ್ನು ಎದುರು ನೋಡಿ ಹೋದರೆ ನಿರಾಸೆ. ಇಲ್ಲಿರುವುದು ಜಾಸ್ತಿ ಹುಡುಗ ಪಿಕಾಸೊ, ಹದಿನೈದು ಹದಿನಾರು ವಯಸ್ಸಿಗೇ ದೊಡ್ಡವರ ಹಾಗೆ ಬರೆಯುತ್ತಿದ್ದವನು. ಜೊತೆಗೆ 1957ರಲ್ಲಿ ಅವನು ವೆಲಾಸ್ಕೆಜ್‌ನ ಲಾಸ್ ಮೆನಿನಾಸ್ ಹಿಡಿದುಕೊಂಡು ಮತ್ತೆ ಮತ್ತೆ ಒಡೆದು ಕಟ್ಟಿದ ಸರಣಿ ಇಲ್ಲೇ ಇದೆ. ಮೊದಲನೆಯದು ದೊಡ್ಡದು, ಬೂದು ಬಣ್ಣದ್ದು, ಅದರಲ್ಲಿ ಕಲಾವಿದ ಸೂರು ಮುಟ್ಟುವ ಹಾಗೆ ಬೆಳೆದಿದ್ದಾನೆ. ನಾನು ಮೂಲ ಚಿತ್ರ ನೋಡುವ ಮೊದಲೇ ಇದನ್ನು ನೋಡಿಬಿಟ್ಟೆ, ಅದೊಂದು ಬೇಜಾರು ಇವತ್ತಿಗೂ ಇದೆ. ಕಲಾವಿದ ಮಿರೊನ ಚಿತ್ರಗಳಿರುವ ಮಿರೊ ಫೌಂಡೇಶನ್ ಮೊಂಜುಯಿಕ್ ಗುಡ್ಡದ ಮೇಲಿದೆ. ಅದೇ ಗುಡ್ಡದಲ್ಲಿ ಕತಲಾನ್, ಅಂದರೆ ಬಾರ್ಸಿಲೋನಾ ಸೀಮೆಯ, ಕಲೆಯ ರಾಷ್ಟ್ರೀಯ ಮ್ಯೂಸಿಯಂ. ಪಿರೆನೀಸ್ ಬೆಟ್ಟದ ಹಳ್ಳಿ ಚರ್ಚುಗಳಿಂದ ಗೋಡೆಚಿತ್ರಗಳನ್ನು ಬಿಡಿಸಿ ತಂದು ಇಲ್ಲಿ ಇಟ್ಟಿದ್ದಾರೆ. ಹೆಚ್ಚು ಜನ ಹೋಗುವುದಿಲ್ಲ, ನೀವು ಹೋಗಿ.

ಇನ್ನು ಕಳ್ಳರು. ಎರಡೂ ಊರಲ್ಲಿ ಇದ್ದಾರೆ, ಬಾರ್ಸಿಲೋನಾದಲ್ಲಿ ಜಾಸ್ತಿ ಎಚ್ಚರ ಬೇಕು. ಭಾವ ಮೆಟ್ರೊ ಹತ್ತುವಾಗ ಬಾಗಿಲಲ್ಲಿ ಇಬ್ಬರು ಅಡ್ಡ ನಿಂತರು, ಹಿಂದಿನಿಂದ ಒಬ್ಬ ತಳ್ಳಿದ, ಬಾಗಿಲು ಮುಚ್ಚುವ ಹೊತ್ತಿಗೆ ಮೂವರೂ ಇಳಿದಿದ್ದರು, ಭಾವನ ಫೋನೂ ಅವರ ಜೊತೆ ಇಳಿದಿತ್ತು. ಎಲ್ಲ ಸೇರಿ ಹತ್ತು ಸೆಕೆಂಡು. ಸಗ್ರಾದಾ ಫಮೀಲಿಯಾ ಟಿಕೆಟ್ ಅದೇ ಫೋನಿನಲ್ಲಿತ್ತು. ಅಕ್ಕ ತನ್ನ ಇಮೇಲಿಗೂ ಕಳಿಸಿಕೊಂಡಿದ್ದಳು, ಬಚಾವ್.

ಒಂದು ಮಾತು ಸೇರಿಸಬೇಕು. ಪ್ರವಾಸಿಗಳು ಜಾಸ್ತಿಯಾಗಿ ಮನೆ ಬಾಡಿಗೆ ಏರಿದೆ ಅಂತ ಅಲ್ಲಿನವರಿಗೆ ಸಿಟ್ಟಿದೆ. 2024ರಲ್ಲಿ ಹೋಟೆಲುಗಳ ಮುಂದೆ ಕೂತವರ ಮೇಲೆ ನೀರಿನ ಪಿಚಕಾರಿ ಹೊಡೆದದ್ದು ಸುದ್ದಿಯಾಯಿತು. ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಫ್ಲಾಟುಗಳ ಲೈಸೆನ್ಸನ್ನು 2028ರೊಳಗೆ ನಿಲ್ಲಿಸುತ್ತೇವೆ ಅಂತ ನಗರಾಡಳಿತ ಹೇಳಿದೆ. ಹೋಟೆಲ್ ಬಿಲ್ಲಿನಲ್ಲಿ ಪ್ರವಾಸಿ ತೆರಿಗೆ ಬೇರೆ ಸೇರುತ್ತದೆ, ಮ್ಯಾಡ್ರಿಡ್‌ನಲ್ಲಿ ಅದಿಲ್ಲ.

ಊಟ, ಅಮ್ಮನ ಕಣ್ಣಲ್ಲಿ

ಸಸ್ಯಾಹಾರಿಗಳಿಗೆ ಎರಡೂ ಊರು ಕಷ್ಟವೇ, ಆದರೆ ಉಪವಾಸ ಬೀಳುವುದಿಲ್ಲ. ಮಾಂಸ ಇಲ್ಲದ್ದು ಕೊಡಿ ಅಂದರೆ ಹಂದಿಯ ಹಾಮೋನ್ ಚೂರು ಉದುರಿಸಿ ತಂದುಕೊಡುವ ಸಾಧ್ಯತೆ ಇದೆ, ಕೆಲವರ ಲೆಕ್ಕದಲ್ಲಿ ಅದು ಮಾಂಸದ ಪಟ್ಟಿಗೇ ಬರುವುದಿಲ್ಲ. 'ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೊ' (ಮಾಂಸ ಬೇಡ, ಹಾಮೋನ್ ಬೇಡ, ಮೀನು ಬೇಡ) ಅಂತ ಮೂರನ್ನೂ ಹೇಳಿ. ಮೊಟ್ಟೆ ತಿನ್ನುವವರಿಗೆ ತೋರ್ತಿಯಾ ಇದೆ, ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ಟು, ಎಲ್ಲ ಕಡೆ ಸಿಗುತ್ತದೆ. ಅಮ್ಮ ಬದುಕಿದ್ದು ಬೇರೆಯದರ ಮೇಲೆ: ಟೊಮೇಟೊ ಉಜ್ಜಿದ ಬ್ರೆಡ್ಡು, ಹುರಿದ ಆಲೂಗಡ್ಡೆ, ಮತ್ತೆ ಪಾದ್ರೋನ್ ಮೆಣಸಿನಕಾಯಿ. ಅದು ಪುಟ್ಟ ಹಸಿರು ಮೆಣಸಿನಕಾಯಿ, ಎಣ್ಣೆಯಲ್ಲಿ ಹುರಿದು ಕಲ್ಲುಪ್ಪು ಉದುರಿಸಿ ಕೊಡುತ್ತಾರೆ. ಖಾರ ಇರುವುದಿಲ್ಲ, ಆದರೆ ತಟ್ಟೆಯಲ್ಲಿ ಎಲ್ಲೋ ಒಂದು ಚುರುಕ್ ಅನ್ನಿಸುತ್ತದೆ. ಅಮ್ಮ ಅದಕ್ಕೆ ಬಜ್ಜಿ ಮೆಣಸಿನಕಾಯಿ ತಮ್ಮ ಅಂತ ಹೆಸರಿಟ್ಟರು. ಗಾಸ್ಪಾಚೊ ಕುಡಿದು, "ತಣ್ಣಗಾದ ಟೊಮೇಟೊ ಸಾರು, ಒಗ್ಗರಣೆ ಮರೆತಿದ್ದಾರೆ" ಅಂದರು. ಚುರೋಸ್, ಅಂದರೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಕೋಲು, ಮಾತ್ರ ಎರಡು ಸಲ ಕೇಳಿ ಹಾಕಿಸಿಕೊಂಡರು.

ಹೊಟ್ಟೆಗೆ ಅನ್ನ ಬೇಕು ಅನ್ನಿಸಿದಾಗ ಮ್ಯಾಡ್ರಿಡ್‌ನ ಲಾವಾಪಿಯೆಸ್ ಬೀದಿಗಳಲ್ಲಿ ಭಾರತ, ಬಾಂಗ್ಲಾದ ಹೋಟೆಲುಗಳ ಸಾಲೇ ಇದೆ. ಬಾರ್ಸಿಲೋನಾದಲ್ಲಿ ರಾವಾಲ್ ಕಡೆ ಹೋಗಬೇಕು. ಮತ್ತೆ ಹೊತ್ತು. ಮಧ್ಯಾಹ್ನದ ಊಟ 2ರ ಮೇಲೆ, ರಾತ್ರಿ 9ರ ಮೇಲೆ. ಏಳೂವರೆಗೆ ಊಟ ಮಾಡುವವರು ಮನೆಯಿಂದ ಚಟ್ನಿಪುಡಿ, ಖಾಕ್ರಾ ಇಟ್ಟುಕೊಂಡಿರಿ.

ಯಾವಾಗ, ಎಲ್ಲಿ ಉಳಿಯೋದು, ಓಡಾಟ

ಜುಲೈ ಆಗಸ್ಟ್ ಬೇಡ. ಮ್ಯಾಡ್ರಿಡ್ ಸಮುದ್ರದಿಂದ ದೂರ, ಬೇಸಿಗೆಯಲ್ಲಿ 35 ಡಿಗ್ರಿ ಮೀರಿ ಸುಡುತ್ತದೆ. ಬಾರ್ಸಿಲೋನಾದಲ್ಲಿ ಬಿಸಿಲು ಸ್ವಲ್ಪ ಕಡಿಮೆ, ಆದರೆ ಮಂಗಳೂರಿನ ಹಾಗೆ ಮೈಯೆಲ್ಲ ಅಂಟು. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಮೇ ಆದ್ದರಿಂದ ಅದೃಷ್ಟಕ್ಕೆ ಅದೇ ಅಲ್ಲಿ ಒಳ್ಳೆಯ ಕಾಲ. ದಸರಾ ರಜೆಯೂ ಆಗುತ್ತದೆ. ವೀಸಾಕ್ಕೆ ಮಾತ್ರ ಬೇಗ ಅರ್ಜಿ ಹಾಕಿ, ಆರು ತಿಂಗಳು ಮೊದಲಿನಿಂದ ಹಾಕಬಹುದು, ಬೇಸಿಗೆ ರಜೆಗೆ ಅಪಾಯಿಂಟ್‌ಮೆಂಟ್ ಸಿಗುವುದು ಸುಲಭವಿಲ್ಲ. ಶುಲ್ಕ ದೊಡ್ಡವರಿಗೆ 90 ಯೂರೊ, 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕೇಬೇಕು.

ಉಳಿಯಲು ಮ್ಯಾಡ್ರಿಡ್‌ನಲ್ಲಿ ಲೆತ್ರಾಸ್ ಬಡಾವಣೆ. ಮ್ಯೂಸಿಯಂಗಳಿಗೆ ನಡೆದೇ ಹೋಗಬಹುದು, 'ಡಾನ್ ಕಿಹೋಟೆ' ಬರೆದ ಸೆರ್ವಾಂಟಿಸ್ ಬದುಕಿದ್ದ ಬೀದಿಗಳು, ನೆಲದ ಮೇಲೆ ಸಾಹಿತಿಗಳ ಸಾಲುಗಳನ್ನು ಲೋಹದ ಅಕ್ಷರದಲ್ಲಿ ಕೂರಿಸಿದ್ದಾರೆ. ಲಾವಾಪಿಯೆಸ್ ಅಗ್ಗ, ಆದರೆ ಏರು ಇಳಿಜಾರು. ಬಾರ್ಸಿಲೋನಾದಲ್ಲಿ ಎಷಾಂಪ್ಲ. ಚೌಕುಳಿ ಹಾಕಿದ ಹಾಗೆ ರಸ್ತೆಗಳು, ಅಗಲ ಫುಟ್‌ಪಾತು, ದಾರಿ ತಪ್ಪುವುದಿಲ್ಲ. ಹಳೇ ಊರಿನ ಗೋಥಿಕ್ ಕಡೆ ರೂಮು ಮಾಡಿದ್ದೆವು, ನೋಡಲು ಚೆಂದ, ರಾತ್ರಿ ಮೂರರವರೆಗೆ ಕೆಳಗೆ ಗಲಾಟೆ. ಹೋಟೆಲಿನವರು ಇಯರ್‌ಪ್ಲಗ್ ಕೊಟ್ಟು ನಕ್ಕರು.

ಮೆಟ್ರೊ ಎರಡು ಕಡೆಯೂ ಚೆನ್ನಾಗಿದೆ. ಮ್ಯಾಡ್ರಿಡ್‌ನ ಹತ್ತು ಸಲದ ಕಾರ್ಡನ್ನು ಮನೆಯವರೆಲ್ಲ ಹಂಚಿಕೊಂಡು ಬಳಸಬಹುದು. ಬಾರ್ಸಿಲೋನಾದ ಹತ್ತರ ಕಾರ್ಡು ಒಬ್ಬರಿಗೇ, ಮೇಲಾಗಿ ವಿಮಾನ ನಿಲ್ದಾಣದ ಮೆಟ್ರೊಗೆ ಅದು ನಡೆಯುವುದಿಲ್ಲ.

ಒಂದು ದಿನ ಊರಾಚೆ ಹೋಗಬೇಕು ಅಂದರೆ ಮ್ಯಾಡ್ರಿಡ್ ಗೆಲ್ಲುತ್ತದೆ. ಟೊಲೆಡೊಗೆ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಅಲ್ಲಿ ಸಾಂತೊ ತೊಮೆ ಅನ್ನುವ ಸಣ್ಣ ಚರ್ಚಿನಲ್ಲಿ ಎಲ್ ಗ್ರೆಕೊ ಬರೆದ 'ಓರ್ಗಾಸ್ ಕೌಂಟನ ಶವಸಂಸ್ಕಾರ' ಚಿತ್ರ ಇದೆ, ಯಾವ ಚರ್ಚಿಗಾಗಿ ಬರೆದನೋ ಅಲ್ಲೇ, 400 ವರ್ಷ ದಾಟಿದರೂ. ಬಾರ್ಸಿಲೋನಾದಿಂದ ಫಿಗೇರಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ, ಅಲ್ಲಿ ಕಲಾವಿದ ಡಾಲಿ ತಾನೇ ರೂಪಿಸಿದ ಮ್ಯೂಸಿಯಂ, ಅವನನ್ನು ಹೂತದ್ದೂ ಅದರೊಳಗೇ. ಮಕ್ಕಳಿದ್ದರೆ ಡಾಲಿಯೇ ಸರಿ, ಛಾವಣಿಯ ಮೇಲೆ ಸಾಲಾಗಿ ದೊಡ್ಡ ದೊಡ್ಡ ಮೊಟ್ಟೆಗಳಿವೆ.

ಮಾಲಗಾ, ಬಿಲ್ಬಾವೊ ಬಗ್ಗೆ ಕೇಳುವವರಿಗೆ: ಮಾಲಗಾ ಪಿಕಾಸೊ ಹುಟ್ಟಿದ ಊರು, ಪಿಕಾಸೊ ಮ್ಯೂಸಿಯಂ ಇದೆ, ಬೀಚಿದೆ, ಎರಡು ದಿನಕ್ಕೆ ಚೆನ್ನ. ಬಿಲ್ಬಾವೊದಲ್ಲಿ 1997ರ ಗುಗನ್‌ಹೈಮ್ ಮ್ಯೂಸಿಯಂ ಕಟ್ಟಡ ನೋಡಿ ದಂಗಾಗುತ್ತೀರಿ, ಆದರೆ ಮೊದಲ ಸ್ಪೇನ್ ಪ್ರವಾಸಕ್ಕೆ ಅಷ್ಟು ದೂರ ಬೇಡ.

ಒಂಬತ್ತು ಹತ್ತು ದಿನ ಇದ್ದು ಎರಡೂ ಊರು ನೋಡುವ ಪುಣ್ಯವಂತರು ಮೊದಲು ಮ್ಯಾಡ್ರಿಡ್ ಇಟ್ಟುಕೊಳ್ಳಿ, ಆಮೇಲೆ ಬಾರ್ಸಿಲೋನಾ. ವೆಲಾಸ್ಕೆಜ್‌ನ ಹುಡುಗಿಯನ್ನು ನೋಡಿದ ಮೇಲೆ ಪಿಕಾಸೊ ಅವಳನ್ನು ಏನು ಮಾಡಿದ ಅಂತ ನೋಡಿದರೆ ಮಜಾ ಬೇರೆ. ಎರಡರ ನಡುವೆ ವೇಗದ ರೈಲಿನಲ್ಲಿ ಎರಡೂವರೆಯಿಂದ ಮೂರು ಗಂಟೆ, ಮೂರು ಕಂಪನಿಗಳು ಓಡಿಸುತ್ತವೆ, ಮೊದಲೇ ತೆಗೆದರೆ ಅಗ್ಗ. ಆ ರೈಲನ್ನು ಮಂಗಳವಾರಕ್ಕೆ ಹಾಕಿಕೊಳ್ಳಿ. ರೇನಾ ಸೋಫಿಯಾ ಅವತ್ತು ಹೇಗೂ ಬಾಗಿಲು ಮುಚ್ಚಿರುತ್ತದೆ, ಬಾರ್ಸಿಲೋನಾದಲ್ಲಿ ಪಿಕಾಸೊ, ಮಿರೊ ಎರಡಕ್ಕೂ ರಜೆ ಸೋಮವಾರ.